ಊಟಿಯಿಂದ ಕೂನೂರಿಗೆ ಹೋದರೆ ಸಾಲದೇ, ಮೆಟ್ಟುಪಾಳ್ಯದಿಂದಲೇ ಹತ್ತಬೇಕೇ?

ಪ್ರಶ್ನೆ:
ನನ್ನ ತಂದೆ ಅರಸೀಕೆರೆ ಕಡೆಯ ಮೀಟರ್ ಗೇಜ್ ಗಾಡಿಗಳನ್ನು ನೋಡುತ್ತಾ ಬೆಳೆದವರು. ಉಗಿ ಎಂಜಿನ್ನಿನ ಗಾಡಿಯಲ್ಲಿ ಇನ್ನೊಮ್ಮೆ ಕೂರಬೇಕೆಂಬುದು ಅವರ ಬಹುಕಾಲದ ಆಸೆ. ನಾವಿರುವುದು ಮೈಸೂರಿನಲ್ಲಿ. ಬಸ್ಸಿನಲ್ಲಿ ನೇರ ಊಟಿಗೆ ಹೋಗಿ, ಅಲ್ಲಿಂದ ಕೂನೂರಿನವರೆಗೆ ನೀಲಗಿರಿ ಬೆಟ್ಟದ ರೈಲಿನಲ್ಲಿ ಹೋಗಿಬಂದರೆ ಸಾಕು, ಅಷ್ಟಕ್ಕೆ ಬೆಟ್ಟದ ಬುಡದ ಮೆಟ್ಟುಪಾಳ್ಯದವರೆಗೆ ಸುತ್ತುವುದೇಕೆ ಎನ್ನುತ್ತಾರೆ ಮನೆಯವರು. ಹೋಗಿಬಂದವರು ದಯವಿಟ್ಟು ತಿಳಿಸಿ. ತಂದೆಯವರಿಗೆ ಮಂಡಿನೋವು ಇದೆ.

ಉತ್ತರ 1:
ಸಾಲದು, ತಾಯಿ. ಊಟಿ–ಕೂನೂರು ನಡುವೆ ನಿತ್ಯದ ಗಾಡಿಯನ್ನು ಎಳೆಯುವುದು ಡೀಸೆಲ್ ಎಂಜಿನ್. ನೋಟ ಚೆನ್ನಾಗಿದೆ, ಆದರೆ ನಿಮ್ಮ ತಂದೆಯವರು ಬಯಸುತ್ತಿರುವುದು ಅದನ್ನಲ್ಲ. ಉಗಿ ಎಂಜಿನ್ ದುಡಿಯುವುದು ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ. ಅಲ್ಲಿ ಅದನ್ನು ಬಿಚ್ಚಿ ಡೀಸೆಲ್ ಜೋಡಿಸುತ್ತಾರೆ.

ನಾನು ಮೀಟರ್ ಗೇಜ್ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು, ಆದ್ದರಿಂದ ಎಂಜಿನ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ. ಮೆಟ್ಟುಪಾಳ್ಯದಲ್ಲಿ ಹತ್ತುವ ಮೊದಲು ಅದರ ಪಕ್ಕದಲ್ಲಿ ನಿಂತು ನೋಡಿ. ಒಂದೊಂದು ಬದಿಯಲ್ಲೂ ಒಂದರ ಮೇಲೊಂದು ಎರಡು ಸಿಲಿಂಡರ್, ಅಂದರೆ ಉಗಿಯ ಒತ್ತಡ ಕೆಲಸ ಮಾಡುವ ಕೊಳವೆಗಳು, ಇರುತ್ತವೆ. ಕೆಳಗಿನದು ಸಾಮಾನ್ಯ ಗಾಲಿಗಳನ್ನು ತಿರುಗಿಸುತ್ತದೆ. ಕಲ್ಲಾರು ನಿಲ್ದಾಣ ದಾಟುವವರೆಗೆ ಮೇಲಿನದಕ್ಕೆ ಕೆಲಸವಿಲ್ಲ. ಅಲ್ಲಿಂದ ಹಳಿಗಳ ನಡುವೆ ಹಲ್ಲುಪಟ್ಟಿ, ಅಂದರೆ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಏರಲು ಹಾಕಿದ ಹಲ್ಲುಗಳಿರುವ ಪಟ್ಟಿ, ಶುರುವಾಗುತ್ತದೆ. ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಉಗಿಯೇ ಮೇಲಿನದಕ್ಕೆ ಹೋಗಿ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಆಗ ಎಂಜಿನ್ನಿನ ಸದ್ದೇ ಬದಲಾಗುತ್ತದೆ. ನಿಮ್ಮ ತಂದೆಯವರಿಗೆ ಯಾರೂ ಹೇಳಬೇಕಾಗಿಲ್ಲ, ಅವರ ಕಿವಿಗೆ ತಾನಾಗಿ ಗೊತ್ತಾಗುತ್ತದೆ.

ಏರು 12 ಅಡಿಗೆ 1 ಅಡಿಯವರೆಗೂ ಇದೆ. ಬರಿಯ ಉಕ್ಕಿನ ಗಾಲಿ ಅಲ್ಲಿ ಜಾರುತ್ತದೆ. ಅದಕ್ಕೇ ಅಕ್ಕಪಕ್ಕ ಎರಡು ಹಲ್ಲುಪಟ್ಟಿ ಹಾಕಿ, ಒಂದರ ಹಲ್ಲು ಇನ್ನೊಂದರ ಸಂದಿಗೆ ಬರುವಂತೆ ಕೂರಿಸಿದ್ದಾರೆ. ತೆಂಗಿನ ಮರ ಹತ್ತುವವನು ಒಂದು ಹಿಡಿತ ಸಿಕ್ಕಿದ ಮೇಲೆಯೇ ಇನ್ನೊಂದನ್ನು ಬಿಡುವ ಹಾಗೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಗಾಡಿ ಓಡಿತು. 2005ರಲ್ಲಿ ಯುನೆಸ್ಕೋ ಈ ರೈಲುಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಇರಲಿ, ಇಂದಿಗೂ ದಿನನಿತ್ಯ ಟಿಕೆಟ್ ಕೊಟ್ಟು ಜನರನ್ನು ಬೆಟ್ಟ ಹತ್ತಿಸುತ್ತಿದೆಯಲ್ಲ, ನನಗೆ ಅದೇ ದೊಡ್ಡದು.

ಇನ್ನೊಂದು ವಿಷಯ. ಏರುವಾಗ ಎಂಜಿನ್ ಹಿಂದೆ ಇದ್ದು ತಳ್ಳುತ್ತದೆ. ಚಾಲಕನಿಗೆ ಮುಂದಿನ ದಾರಿ ಕಾಣುವುದಿಲ್ಲ, ಮುಂದಿನ ಬೋಗಿಯಲ್ಲಿ ನಿಂತವರ ಬಾವುಟವೇ ಅವನಿಗೆ ಕಣ್ಣು. ನೋಟ ಮುಖ್ಯ ಎನ್ನುವವರು ಮುಂದೆ ಕೂರಲಿ. ನೀವು ಮಾತ್ರ ಹಿಂದಿನ ಬೋಗಿ ಸಿಕ್ಕರೆ ಬಿಡಬೇಡಿ.

ಉತ್ತರ 2:
ಸೀಟುಗಳು ಕಡಿಮೆ. ಐಆರ್‌ಸಿಟಿಸಿಯಲ್ಲಿ ಆ ದಿನದ ಬುಕಿಂಗ್ ತೆರೆದೊಡನೆ ಟಿಕೆಟ್ ತೆಗೆದುಕೊಳ್ಳಿ. ಗಾಡಿ ಬೆಳಿಗ್ಗೆ 7 ಗಂಟೆ ದಾಟುತ್ತಿದ್ದಂತೆ ಹೊರಡುವುದರಿಂದ ಹಿಂದಿನ ರಾತ್ರಿ ಮೆಟ್ಟುಪಾಳ್ಯದಲ್ಲೇ ಉಳಿಯಬೇಕು. ಚಾಮರಾಜನಗರ, ಸತ್ಯಮಂಗಲ ದಾರಿಯಲ್ಲಿ ಹೋಗುವುದಾದರೆ ಹಗಲಿನಲ್ಲೇ ದಿಂಬಂ ಘಾಟಿ ಇಳಿಯಿರಿ, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಮೊದಲ ಉತ್ತರವನ್ನು ತಂದೆಯವರಿಗೆ ಓದಿ ಹೇಳಿದೆ. ‘ಎರಡು ಸಿಲಿಂಡರ್ ಭಾಗವನ್ನು ಇನ್ನೊಮ್ಮೆ ಓದು’ ಎಂದರು. ಮೆಟ್ಟುಪಾಳ್ಯವೇ ಗಟ್ಟಿಯಾಯಿತು. ಅಷ್ಟು ಹೊತ್ತು ಕೂರಲು ಅವರಿಗೆ ಕಷ್ಟವಾಗಬಹುದೇ?

ಉತ್ತರ 1 ಬರೆದವರು:
ಊಟಿಯವರೆಗೆ 46 ಕಿಲೋಮೀಟರ್, ಹೆಚ್ಚುಕಡಿಮೆ 5 ಗಂಟೆ. ಕಾಲು ಚಾಚಲು ಜಾಗ ಕಡಿಮೆ, ಬೋಗಿಯಲ್ಲಿ ಶೌಚಾಲಯ ಇಲ್ಲ. ಆದ್ದರಿಂದ ಗಾಡಿ ನಿಂತಲ್ಲೆಲ್ಲ ಅವರನ್ನು ಕೈಹಿಡಿದು ಇಳಿಸಿ. ದಾರಿಯ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ ನೀರು ತುಂಬಿಸಿಕೊಳ್ಳುತ್ತದೆ, ಅಲ್ಲಿ ಇಳಿಯದೆ ಇರಬೇಡಿ. ತಿಂಡಿಯ ಚೀಲವನ್ನು ಸೀಟಿನ ಮೇಲೆ ಬಿಟ್ಟುಹೋಗಬೇಡಿ, ಕೋತಿಗಳಿವೆ. ಕೂನೂರಿನಲ್ಲಿ ಮಂಡಿ ಸಾಕು ಎಂದರೆ ಅಲ್ಲೇ ಪ್ರಯಾಣ ಮುಗಿಸಿ, ಉಗಿ ಎಂಜಿನ್ನಿನ ಪಾಲು ಅಷ್ಟರಲ್ಲಿ ಪೂರ್ತಿ ಸಿಕ್ಕಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನ ಹಿಂಗಾರಿನಲ್ಲಿ ಹಳಿಯ ಮೇಲೆ ಗುಡ್ಡ ಕುಸಿದು ಗಾಡಿ ರದ್ದಾಗುವುದುಂಟು. ಜನವರಿ ಕಳೆಯಲಿ, ಆಮೇಲೆ ಹೊರಡಿ.