ಮೂರನೇ ಮಹಡಿ, ಕೆಂಚು ಬಣ್ಣದ ಗಂಡು ಬೆಕ್ಕಿನ ಮರಿ: ಒಳಗೇ ಇಡಲೋ, ಹೊರಗೆ ಬಿಡಲೋ?

ಕುವೆಂಪುನಗರದ ಸೊಸೆ, ಮೈಸೂರು:
ಕಳೆದ ಗುರುವಾರ ಮಳೆಯಲ್ಲಿ ನಮ್ಮ ಸ್ಕೂಟರಿನೊಳಗಿಂದ ಕೂಗು ಕೇಳಿಸಿತು. ಮೆಕ್ಯಾನಿಕ್ ಬಂದು ಬಿಚ್ಚಿದ ಮೇಲೆ ಅಂಗೈಯಗಲದ ಕೆಂಚು ಮರಿಯೊಂದು ಸಿಕ್ಕಿತು. ಗಂಡು, ಎರಡು ತಿಂಗಳಿರಬಹುದು ಎಂದರು ಡಾಕ್ಟರು. ಜಂತುಹುಳುವಿನ ಔಷಧ ಕೊಟ್ಟಾಗಿದೆ, ಮೊದಲ ಲಸಿಕೆ ಮುಂದಿನ ವಾರ. ಬಾಡಿಗೆ ಮನೆ, ಮೂರನೇ ಮಹಡಿ. ನಾವಿಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಮನೆಯಲ್ಲಿ ಅತ್ತೆ ಇರುತ್ತಾರೆ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಬೆಕ್ಕನ್ನು ಕೂಡಿಹಾಕುವುದು ಪಾಪ, ದೊಡ್ಡದಾದ ಮೇಲೆ ತಿರುಗಾಡಿಕೊಂಡು ಬರಲಿ ಎಂಬುದು ಅತ್ತೆಯ ಮಾತು. ಯಜಮಾನರು ಬೇಡವೇ ಬೇಡ ಎನ್ನುತ್ತಾರೆ. ಸಾಕಿದವರು ಹೇಳಿ. ಇನ್ನೊಂದು ವಿಷಯ: ಎರಡು ದಿನಗಳಿಂದ ಅದು ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾತ್ರ ತಿನ್ನುತ್ತದೆ. ಹೊರಗೆ ಬರುವಂತೆ ಮಾಡುವುದು ಹೇಗೆ?

ನಾಲ್ಕನೇ ಮಹಡಿ, ಬೆಂಗಳೂರು:
ಮೊದಲು ಬಲೆ ಹಾಕಿಸಿ, ಹೆಸರು ಆಮೇಲೆ ಇಡಿ. ನಾನು ಹೆಸರು ಮೊದಲು ಇಟ್ಟವಳು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆಯೇ ಬೀಳುತ್ತದೆ ಎಂದು ನಂಬಿದ್ದವಳೂ ಹೌದು. ನಮ್ಮ ಬಾಲ್ಕನಿಗೆ ಪಾರಿವಾಳಕ್ಕೆಂದು ನೈಲಾನ್ ಬಲೆ ಹಾಕಿಸಿದ್ದೆವು. 140 ಚದರ ಅಡಿ, ಅಡಿಗೆ 18ರಂತೆ 2,520 ರೂಪಾಯಿ. ತುಳಸಿ ಕುಂಡದ ಹಿಂದಿನ ಮೂಲೆಯನ್ನು ನಮ್ಮ ಚಿನ್ನಿ ದಿನಕ್ಕಿಷ್ಟು ಎಂದು ಕಡಿಯುತ್ತಿದ್ದದ್ದು ಯಾರಿಗೂ ಕಾಣಿಸಲಿಲ್ಲ. 2022ರ ನವೆಂಬರ್, ರಾತ್ರಿ ಹನ್ನೊಂದೂವರೆ. ಕಾಲ ಮೇಲೆಯೇ ಬಿದ್ದಳು, ಸುಳ್ಳಲ್ಲ. ಆ ರಭಸಕ್ಕೆ ಗದ್ದ ನೆಲಕ್ಕೆ ಬಡಿದು ಅಂಗುಳು ಸೀಳಿತ್ತು, ಕೆಳದವಡೆ ನಡುವೆ ಮುರಿದಿತ್ತು, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡು ಬಾಯಿ ತೆರೆದು ಉಸಿರಾಡುತ್ತಿದ್ದಳು. ಬೆಕ್ಕು ಬಾಯಿ ತೆರೆದು ಉಸಿರಾಡುವುದನ್ನು ನೀವು ನೋಡದಿರಲಿ.

ಲೆಕ್ಕ ಬರೆದಿಟ್ಟಿದ್ದೇನೆ. ಎಕ್ಸ್‌ರೇ 1,800. ಆಮ್ಲಜನಕ ಮತ್ತು ಮೂರು ರಾತ್ರಿಯ ವಾರ್ಡು 9,000. ದವಡೆಗೆ ತಂತಿ ಕಟ್ಟಿದ್ದು, ಅರಿವಳಿಕೆ ಸೇರಿ 21,500. ಕುತ್ತಿಗೆಯಿಂದ ಊಟದ ನಳಿಕೆ 4,200. ಔಷಧ ಮತ್ತು ಕಾಲರ್ 2,350. ಆಟೊ 1,100. ಒಟ್ಟು 39,950. ಐದು ವಾರ ದಿನಕ್ಕೆ ಐದು ಬಾರಿ ಸಿರಿಂಜಿನಲ್ಲಿ ಊಟ ಕೊಟ್ಟೆ. ಆಮೇಲೆ ಸ್ಟೀಲ್ ಜಾಲರಿ ಹಾಕಿಸಿದೆ, ಅಡಿಗೆ 95ರಂತೆ 13,300. ಇದನ್ನು ಮೊದಲೇ ಮಾಡಿದ್ದರೆ! ಜಾಲರಿ ಹಾಕಿದ ಮರುದಿನವೇ ಕಟ್ಟಡದ ಅಂದ ಕೆಡುತ್ತದೆ ಎಂದು ಸಂಘದವರು ಪತ್ರ ಕಳಿಸಿದರು. ಸಾಕುಪ್ರಾಣಿಗಳನ್ನು ಸಂಘಗಳು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿದೆ. ಇದು ಬೆಕ್ಕಿನ ಪ್ರಶ್ನೆಯಲ್ಲ, ಜಾಲರಿಯ ಪ್ರಶ್ನೆ ಎಂದರು. ಆ ಜಗಳ ಇನ್ನೂ ನಡೆಯುತ್ತಿದೆ.

ಅಡಿಕೆ ತೋಟ, ಶಿರಸಿ:
ಓದಿ ಬೇಸರವಾಯಿತು. ಬೆಕ್ಕಿಗೆ ಬೇಲಿ, ಬೆಕ್ಕಿಗೆ ವಾರ್ಡು! ನಮ್ಮಲ್ಲಿ ಸದ್ಯ ಹನ್ನೊಂದು ಇವೆ. ಒಂದಕ್ಕೂ ಬಲೆಯಿಲ್ಲ, ಮರಳಿನ ತಟ್ಟೆಯಿಲ್ಲ, ಚೀಲದ ತಿಂಡಿಯಿಲ್ಲ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಸಾಲಾಗಿ ಕೂರುತ್ತವೆ. ಮಧ್ಯಾಹ್ನ ಮಜ್ಜಿಗೆ ಅನ್ನ. ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತವೆ. ಅಟ್ಟದ ಮೇಲಿನ ಅಡಿಕೆ ಚೀಲಕ್ಕೆ ಇಲಿ ಬಾಯಿ ಹಾಕಿ ಆರು ವರ್ಷವಾಯಿತು. ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ತಿರುಗುವುದೇ ಅದರ ಜಾತಿಗುಣ. ನಿಮ್ಮ ಅತ್ತೆ ಹೇಳಿದ್ದು ಸರಿ ತಂಗಿ. ಸಾಕುವುದಾದರೆ ಹಾಗೆ ಸಾಕಿ, ಆಗದಿದ್ದರೆ ಯಾವುದಾದರೂ ತೋಟದ ಮನೆಗೆ ಕೊಡಿ.

ಪುಚ್ಚೆ ಅಮ್ಮ, ಮಂಗಳೂರು:
ಹನ್ನೊಂದರಲ್ಲಿ ಐದು ವರ್ಷ ದಾಟಿದವು ಎಷ್ಟು ರಾಯರೇ? ಅದನ್ನು ಹೇಳಿ, ಆಮೇಲೆ ಉಪದೇಶ ಮಾಡಿ.

ಮಜ್ಜಿಗೆ ಅನ್ನದ ಮಾತು ಬಂತಲ್ಲ, ನನ್ನ ಕಥೆ ಕೇಳಿ. ನನ್ನ ಬಳಿ ಇರುವ ಆರರಲ್ಲಿ ಒಂದು, ಕುಂಕುಮ, ಒಬ್ಬರು ಸಾಕಲಾಗದೆ ಬಿಟ್ಟುಹೋದದ್ದು. ನಾಲ್ಕು ವರ್ಷ ಬರೀ ಅನ್ನ ಮೊಸರು, ಹಬ್ಬಕ್ಕೆ ಪಾಯಸ. ಬಂದ ದಿನ ಗೋಡೆಗೆ ಹಾಯ್ದಳು. ಮನೆ ಹೊಸದು, ಅದಕ್ಕೇ ಹೀಗೆ ಎಂದುಕೊಂಡೆ. ಮೂರನೇ ದಿನವೂ ಹಾಯ್ದಳು. ಕಣ್ಣಿನ ಪಾಪೆ ನಡುಹಗಲಲ್ಲೂ ಹುಣ್ಣಿಮೆ ಚಂದ್ರನಷ್ಟು ದೊಡ್ಡದು. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಬರಬೇಕು, ಇಲ್ಲದಿದ್ದರೆ ಅಕ್ಷಿಪಟಲ ಸಾಯುತ್ತದೆ, ಹೃದಯ ಹಿಗ್ಗುತ್ತದೆ ಎಂದರು ಡಾಕ್ಟರು. ಹೋದ ದೃಷ್ಟಿ ಬರಲಿಲ್ಲ. ಈಗ ಬೂತಾಯಿ ಮೀನನ್ನು ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದು ಕೊಡುತ್ತೇನೆ, ಜೊತೆಗೆ ಕೋಳಿಯ ಹೃದಯ. ಹಸಿ ಬೂತಾಯಿ ದಿನವೂ ಕೊಡಬಾರದು, ಅದು ಬಿ1 ಜೀವಸತ್ವವನ್ನು ತಿನ್ನುತ್ತದೆ. ತಿಂಗಳಿಗೆ ಆರೂ ಬೆಕ್ಕಿಗೆ ಮೀನು, ಕೋಳಿ ಸೇರಿ 5,400 ರೂಪಾಯಿ. ಮಳೆಗಾಲದಲ್ಲಿ ಟ್ರಾಲಿಂಗ್ ದೋಣಿಗಳ ಮೀನುಗಾರಿಕೆ ನಿಂತಾಗ ಮೀನಿನ ದರ ಕೇಳಬೇಡಿ.

ಮಡಿ ಮೈಲಿಗೆ ನಿಮ್ಮ ತಟ್ಟೆಯಲ್ಲಿರಲಿ, ಬೆಕ್ಕಿನ ತಟ್ಟೆಯಲ್ಲಿ ಬೇಡ.

ಅಡಿಕೆ ತೋಟ, ಶಿರಸಿ:
ಮಡಿಯ ಮಾತು ನಾನೆಲ್ಲಿ ಎತ್ತಿದೆ? ನಮ್ಮ ಬೆಕ್ಕು ಇಲಿ ತಿನ್ನುತ್ತದೆ ಎಂದೇ ಬರೆದಿದ್ದೇನೆ. ಇಲಿಯೇನು ತರಕಾರಿಯೇ?

ಹುಬ್ಬಳ್ಳಿಯ ಗುಂಡನ ಅಪ್ಪ:
ಇವರಿಬ್ಬರೂ ಮೀನು ಮಜ್ಜಿಗೆಯಲ್ಲೇ ಇರಲಿ. ಮೇಡಂ, ನಿಮ್ಮದು ಗಂಡು ಮರಿ, ಆದ್ದರಿಂದ ನೀವು ಕಲಿಯಬೇಕಾದದ್ದು ಒಂದೇ: ದಿನವೂ ಮರಳಿನ ತಟ್ಟೆಯಲ್ಲಿ ಮೂತ್ರದ ಉಂಡೆ ಎಷ್ಟು ಎಂದು ಎಣಿಸುವುದು. ನನ್ನ ಗುಂಡ ಒಂದು ಭಾನುವಾರ ಹತ್ತು ನಿಮಿಷಕ್ಕೊಮ್ಮೆ ತಟ್ಟೆಗೆ ಹೋಗಿ ಕೂರತೊಡಗಿದ. ಮಲಬದ್ಧತೆ ಎಂದುಕೊಂಡು ತುಪ್ಪ ನೆಕ್ಕಿಸಿದೆ. ಸೋಮವಾರವೂ ತುಪ್ಪ. ಮಂಗಳವಾರ ಬೆಳಿಗ್ಗೆ ವಾಂತಿ, ಮೈ ತಣ್ಣಗೆ, ಹೊಟ್ಟೆಯಲ್ಲಿ ಲಿಂಬೆಹಣ್ಣಿನಂತೆ ಗಟ್ಟಿ ಮೂತ್ರಕೋಶ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು, ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮುಗಿಯಿತು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಎರಡು ದಿನ ಸಾಕು. ನನ್ನ ತುಪ್ಪದಲ್ಲಿ ಆ ಎರಡು ದಿನ ಹೋಗಿದ್ದವು.

ಮೊದಲ ಬಾರಿ ಕ್ಯಾಥೆಟರ್, ಡ್ರಿಪ್, ಮೂರು ದಿನ: 8,600. ಮನೆಗೆ ಬಂದ ನಾಲ್ಕನೇ ದಿನ ಮತ್ತೆ ಕಟ್ಟಿತು: 7,900. ಮೂರನೇ ಬಾರಿ ನಾಳವನ್ನೇ ಅಗಲ ಮಾಡುವ ಶಸ್ತ್ರಚಿಕಿತ್ಸೆ: 18,000. ಪರೀಕ್ಷೆಗಳು 3,450. ಒಟ್ಟು 37,950. ಕಚೇರಿಗೆ ಹನ್ನೆರಡು ದಿನ ರಜೆ. ಕಾರಣ 'ಮನೆಯಲ್ಲಿ ಹಿರಿಯರಿಗೆ ಆರೋಗ್ಯ ಸರಿಯಿಲ್ಲ' ಎಂದು ಬರೆದೆ. ಐದು ತಿಂಗಳಿಗೇ ಬೀಜ ತೆಗೆಸಿದ್ದರಿಂದ ಹೀಗಾಯಿತು, ನಾಳ ಬೆಳೆಯಲಿಲ್ಲ ಎಂದು ನನ್ನ ಅನುಮಾನ. ಒಣ ತಿಂಡಿಯೂ ಕಾರಣ. ಈಗ ತಿಂಡಿಗೆಲ್ಲ ನೀರು ಬೆರೆಸುತ್ತೇನೆ, ಮನೆಯಲ್ಲಿ ಐದು ಕಡೆ ನೀರಿನ ಬಟ್ಟಲು.

ನಾಲ್ಕನೇ ಮಹಡಿ, ಬೆಂಗಳೂರು:
ಬೇಗ ಬೀಜ ತೆಗೆಸಿದರೆ ನಾಳ ಕಿರಿದಾಗಿ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ನಮ್ಮ ಡಾಕ್ಟರು ಬಿಡಿಸಿ ಹೇಳಿದ್ದಾರೆ. ಇಂತಹ ಅನುಮಾನವನ್ನು ಹೊಸಬರ ಮುಂದೆ ಹೇಳಬೇಡಿ ಸರ್. ಮೊದಲೇ ಅವರ ಅತ್ತೆ ಪಾಪ ಪುಣ್ಯ ಎನ್ನುತ್ತಿದ್ದಾರೆ. ಮಾಡಿಸದಿದ್ದರೆ ಏಳೆಂಟು ತಿಂಗಳಿಗೆ ಬಾಗಿಲು, ಸೋಫಾ, ದೇವರ ಕೋಣೆಯ ಪರದೆ ಎಲ್ಲದರ ಮೇಲೂ ಮೂತ್ರ ಸಿಂಪಡಿಸಿ ಇಡೀ ಮನೆಯನ್ನು ತನ್ನದೆಂದು ಘೋಷಿಸುತ್ತದೆ. ಮತ್ತೆ, ನನ್ನ ಲೆಕ್ಕ ನಿಮ್ಮದಕ್ಕಿಂತ ಎರಡು ಸಾವಿರ ಹೆಚ್ಚು. ಜಾಲರಿ ಬೇರೆ.

ಹುಬ್ಬಳ್ಳಿಯ ಗುಂಡನ ಅಪ್ಪ:
ಖರ್ಚಿನಲ್ಲಿ ಪಂದ್ಯ ಕಟ್ಟುವುದಾದರೆ ರಜೆಯ ಸಂಬಳವನ್ನೂ ಸೇರಿಸುತ್ತೇನೆ.

ದಾರಿಹೋಕ:
ಬೆಕ್ಕಿಗೆ ನಲವತ್ತು ಸಾವಿರ. ಆ ದುಡ್ಡಿನಲ್ಲಿ ಒಂದು ಮಗುವಿನ ಒಂದು ವರ್ಷದ ಶಾಲೆಯ ಶುಲ್ಕ ಕಟ್ಟಬಹುದಿತ್ತು.

ಪುಚ್ಚೆ ಅಮ್ಮ, ಮಂಗಳೂರು:
ಕಟ್ಟಿ. ನಿಮ್ಮ ಕೈ ಯಾರೂ ಹಿಡಿದಿಲ್ಲ.

ಕುವೆಂಪುನಗರದ ಸೊಸೆ, ಮೈಸೂರು:
ಎಲ್ಲರಿಗೂ ಧನ್ಯವಾದ. ಬಾಲ್ಕನಿಯ ಬಾಗಿಲಿಗೆ ಸದ್ಯ ಚಿಲಕ ಹಾಕಿದ್ದೇವೆ. ಆದರೆ ವಾಷಿಂಗ್ ಮೆಷಿನ್ ಹಿಂದಿನಿಂದ ಹೊರಗೆ ತರುವುದು ಹೇಗೆಂದು ಯಾರೂ ಹೇಳಲಿಲ್ಲ. ಬಟ್ಟೆ ಒಗೆಯದೆ ನಾಲ್ಕು ದಿನವಾಯಿತು.

ಮ್ಯೂನಿಕ್‌ನಿಂದ ದಾವಣಗೆರೆಯವಳು:
ನನ್ನದು ಸ್ವಲ್ಪ ಬೇರೆ ಅನುಭವ, ಆದರೂ ಹೇಳುತ್ತೇನೆ. ನಮ್ಮ ಕೆಂಚಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಸಿಕ್ಕವಳು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಾಗ ಬಿಟ್ಟುಬರುವ ಮಾತೇ ಇರಲಿಲ್ಲ. ಯೂರೋಪಿಗೆ ಭಾರತದಿಂದ ಬೆಕ್ಕು ತರಬೇಕಾದರೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಮೂವತ್ತು ದಿನ ಕಳೆದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿರೋಧಕಾಯ ಮಿಲಿಲೀಟರಿಗೆ 0.5 ಘಟಕವಾದರೂ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಮ್ಮ ಊರಿನ ಡಾಕ್ಟರೊಬ್ಬರು ಕೆಂಚಿಗೆ ಲಸಿಕೆ ಮೊದಲು ಚುಚ್ಚಿ ಚಿಪ್ ಒಂದು ವಾರದ ಮೇಲೆ ಹಾಕಿದರು. ಚಿಪ್‌ಗೆ ಮುಂಚಿನ ಲಸಿಕೆ ಲೆಕ್ಕಕ್ಕಿಲ್ಲ! ಇದು ಗೊತ್ತಾದದ್ದು ಟಿಕೆಟ್ ಮಾಡಿದ ಮೇಲೆ. ಮತ್ತೆ ಲಸಿಕೆ, ಮತ್ತೆ ಮೂವತ್ತು ದಿನ, ಮತ್ತೆ ಮೂರು ತಿಂಗಳು. ಗಂಡ ಮೊದಲು ಬಂದ, ನಾನು ಬೆಕ್ಕಿನ ಜೊತೆ ತವರಿನಲ್ಲಿ ಉಳಿದೆ. ಹೆರಿಗೆಗೆ ಬಂದಿದ್ದಾಳೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು.

ಇಲ್ಲಿ ಅವಳು ಮನೆಯೊಳಗೇ. ಆದರೆ ಒಳಗೂ ಗಂಡಾಂತರವಿದೆ: ಇಲ್ಲಿಯ ಕಿಟಕಿಗಳನ್ನು ಮೇಲಿನಿಂದ ಓರೆಯಾಗಿ ತೆರೆಯಬಹುದು, ಆ ಸಂದಿಯಲ್ಲಿ ನುಸುಳಲು ಹೋಗಿ ಬೆಕ್ಕುಗಳು ಸೊಂಟ ಸಿಕ್ಕಿಸಿಕೊಂಡು ಸಾಯುತ್ತವೆ.

ಮಂಡ್ಯದ ಕೊತ್ತಿ:
ನಮ್ಮ ಕೊತ್ತಿಗೆ ಪಾಸ್‌ಪೋರ್ಟೂ ಇಲ್ಲ, ಮೈಕ್ರೋಚಿಪ್ಪೂ ಇಲ್ಲ, ಹದಿನಾಲ್ಕು ವರ್ಷ ಬದುಕಿತು.

ಹುಬ್ಬಳ್ಳಿಯ ಗುಂಡನ ಅಪ್ಪ:
ಕೋತಿ ಸಾಕುವುದು ಕಾನೂನಿಗೆ ವಿರುದ್ಧ.

ಮಂಡ್ಯದ ಕೊತ್ತಿ:
ಕನ್ನಡಕ ಹಾಕಿಕೊಂಡು ಓದಿ. ಕೊತ್ತಿ ಎಂದರೆ ಬೆಕ್ಕು. ನಮ್ಮ ಕಡೆ ಅಜ್ಜಿಯರು ಇನ್ನೇನೂ ಅನ್ನುವುದಿಲ್ಲ.

ಹುಬ್ಬಳ್ಳಿಯ ಗುಂಡನ ಅಪ್ಪ:
ನಮ್ಮ ಕಡೆ ಬೆಕ್ಕು ಎಂದರೆ ಬೆಕ್ಕು, ಕನ್ನಡಕ ಬೇಕಾಗುವುದಿಲ್ಲ.

ಹಾಸನ, ಮೂರು ಮರಿ:
ಜಗಳದ ನಡುವೆ ಒಂದು ಮಾತು. ಲಸಿಕೆ ಮುಂದಿನ ವಾರ ಎಂದು ಬರೆದಿದ್ದೀರಿ. ನಾನೂ ಮುಂದಿನ ವಾರ ಎಂದಿದ್ದೆ. ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕಿನ ಮರಿಗಳನ್ನು ಕೊಲ್ಲುವ ವೈರಸ್ ಕಾಯಿಲೆ. ಸೋಮವಾರ ಒಂದು ಮರಿ ಊಟ ಬಿಟ್ಟಿತು, ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕೂತಿತು, ಕುಡಿಯಲಿಲ್ಲ. ಗುರುವಾರದ ಹೊತ್ತಿಗೆ ಮೂರೂ ಇರಲಿಲ್ಲ. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸ್ಯಾನಿಟೈಸರಿಗೆ ಸಾಯುವುದಿಲ್ಲ, ಬ್ಲೀಚ್ ಬೇಕು. ನಾನು ಆಮೇಲೆ ಸಾಕಲಿಲ್ಲ. ಬಟ್ಟಲುಗಳು ಅಟ್ಟದ ಮೇಲಿವೆ.

ಅಡಿಕೆ ತೋಟ, ಶಿರಸಿ:
ಮಂಗಳೂರಿನ ಅಮ್ಮನವರು ಐದು ವರ್ಷ ದಾಟಿದ್ದು ಎಷ್ಟು ಎಂದು ಕೇಳಿದ್ದರು. ನಿನ್ನೆ ಕೂತು ಲೆಕ್ಕ ಹಾಕಿದೆ. ಒಂದು. ಹತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದವು ಅರವತ್ತರ ಮೇಲಿರಬೇಕು. ಚಿರತೆ ಒಯ್ದದ್ದಿದೆ, ರಸ್ತೆಯಲ್ಲಿ ಹೋದದ್ದಿದೆ, ಕೆಲವು ಹೋದದ್ದೇ ಗೊತ್ತಾಗಲಿಲ್ಲ. ಬೆಳ್ಳಿ ಎಂದೊಂದು ಇತ್ತು, ನಾನು ಪೇಪರ್ ಓದುವಾಗ ಪೇಪರ್ ಮೇಲೆಯೇ ಮಲಗುತ್ತಿತ್ತು. ಯಾರದೋ ಮನೆಯಲ್ಲಿ ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದಿರಬೇಕು. ಬಾವಿಕಟ್ಟೆಯವರೆಗೆ ಬಂದು ಬಿತ್ತು. ಅದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಆದರೂ ಕಟ್ಟಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಪುಚ್ಚೆ ಅಮ್ಮ, ಮಂಗಳೂರು:
ಅರವತ್ತು ಮರಿ ಹುಟ್ಟದಿದ್ದರೆ ಅರವತ್ತು ಸಾಯುತ್ತಿರಲಿಲ್ಲ. ಹೆಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಐದು ತಿಂಗಳಿಗೇ ಗರ್ಭ ಕಟ್ಟುತ್ತದೆ, ಒಂಬತ್ತು ವಾರಕ್ಕೆ ಮರಿ, ಹಾಲು ಬಿಡಿಸುವ ಮೊದಲೇ ಮತ್ತೆ ಗರ್ಭ. ಬೆಳ್ಳಿಯ ವಿಷಯಕ್ಕೆ ನನಗೂ ದುಃಖವಿದೆ.

ಕುವೆಂಪುನಗರದ ಸೊಸೆ, ಮೈಸೂರು:
ನಿನ್ನೆ ರಾತ್ರಿ ಎಂಟಕ್ಕೆ ತಾನಾಗಿಯೇ ಹೊರಗೆ ಬಂತು. ಅತ್ತೆ ಧಾರಾವಾಹಿ ನೋಡುತ್ತಿದ್ದರು. ನೇರ ಹೋಗಿ ಅವರ ಸೆರಗಿನ ಮೇಲೆ ಮಲಗಿತು. ಧಾರಾವಾಹಿ ಮುಗಿದು ಒಂದು ಗಂಟೆಯಾದರೂ ಅವರು ಏಳಲಿಲ್ಲ, ಊಟವನ್ನು ಅಲ್ಲಿಗೇ ತರಿಸಿಕೊಂಡರು. ಹೊರಗೆ ಬಿಡುವ ಮಾತು ಸದ್ಯಕ್ಕೆ ನಿಂತಿದೆ. ಪಕ್ಕದ ಮನೆಯವರು ಕೋಳಿ ಬೇಯಿಸಿ ಕೊಟ್ಟರೆ ಬಾಗಿಲಾಚೆ ಪ್ರತ್ಯೇಕ ತಟ್ಟೆಯಲ್ಲಿ ಹಾಕಬಹುದು, ತಾನು ಆ ಕಡೆ ನೋಡುವುದಿಲ್ಲ ಎಂದಿದ್ದಾರೆ. ಲಸಿಕೆಗೆ ನಾಳೆಯೇ ಹೋಗುತ್ತಿದ್ದೇವೆ. ಹಾಸನದವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಹುಬ್ಬಳ್ಳಿಯ ಗುಂಡನ ಅಪ್ಪ:
ಮೂತ್ರದ ಉಂಡೆ ಎಣಿಸುವುದನ್ನು ಅತ್ತೆಯವರಿಗೇ ವಹಿಸಿ.

ಅಡಿಕೆ ತೋಟ, ಶಿರಸಿ:
ಹೆಣ್ಣು ನಾಲ್ಕು ಇವೆ. ಬುಧವಾರ ಪೇಟೆಗೆ ಹೋಗುವವನಿದ್ದೇನೆ. ಬುಟ್ಟಿಯಲ್ಲಿ ಒಯ್ದರೆ ಆದೀತೋ, ಪಂಜರವೇ ಬೇಕೋ?

ನಾಲ್ಕನೇ ಮಹಡಿ, ಬೆಂಗಳೂರು:
ಪಂಜರವೇ ಬೇಕು, ಒಂದರಲ್ಲಿ ಒಂದೇ ಬೆಕ್ಕು. ಮೊದಲು ಡಾಕ್ಟರಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಎಷ್ಟು ಹೊತ್ತಿನಿಂದ ಊಟ ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ. ನಿಲ್ಲಿಸಿ ಎಂದರೆ ಮಜ್ಜಿಗೆ ಅನ್ನವನ್ನೂ.