ಜನಪ್ರಿಯ ಹಾಡುಗಳನ್ನು ಇತಿಹಾಸದ ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ:
ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹಾಡುಗಳಿಂದ ಆ ಕಾಲದ ಜನಜೀವನ ತಿಳಿಯುತ್ತದೆ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಪ್ರೇಮಗೀತೆಗಳೇ ಆಗಿರುವಾಗ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಉತ್ತರ 1:
ಪ್ರೇಮಗೀತೆಯನ್ನು ಹಾಡಿದ ಬಗೆಯಲ್ಲಿಯೇ ಹುಡುಕಬಹುದು. 1925ಕ್ಕೆ ಮೊದಲು ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ, ಗಂಟಲೆತ್ತಿ ಹಾಡಿದರಷ್ಟೇ ಧ್ವನಿ ಸರಿಯಾಗಿ ಮುದ್ರಣವಾಗುತ್ತಿತ್ತು. ಆ ವರ್ಷ ಮೈಕ್ರೋಫೋನ್ ಬಳಕೆಗೆ ಬಂದ ಮೇಲೆ, ಕಿವಿಯಲ್ಲಿ ಪಿಸುಗುಟ್ಟಿದಂತೆ ಹಾಡುವ ಹೊಸ ಶೈಲಿಯೇ ಹುಟ್ಟಿಕೊಂಡಿತು. ಹಾಡಿನ ಅಳತೆಯೂ ಹಾಗೆಯೇ: ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ.

ಉತ್ತರ 2:
ಮೇಲಿನ ಮಾತು ನಿಜವಾದರೂ ಸಾಹಿತ್ಯವನ್ನು ಕಡೆಗಣಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಯೆಟ್ನಾಂ ಯುದ್ಧದ ನಡುವೆ, 1966ರಲ್ಲಿ, ಸೈನಿಕರನ್ನು ಕೊಂಡಾಡಿದ ಬ್ಯಾರಿ ಸ್ಯಾಡ್ಲರ್ ಅವರ ಹಾಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. 1970ರಲ್ಲಿ ಅದೇ ಸ್ಥಾನಕ್ಕೆ ಎಡ್ವಿನ್ ಸ್ಟಾರ್ ಅವರ ಯುದ್ಧವಿರೋಧಿ ಹಾಡು ಏರಿತು. ನಾಲ್ಕು ವರ್ಷಗಳಲ್ಲಿ ಕೇಳುಗರ ಮನಸ್ಸು ಎಷ್ಟು ಕದಡಿತ್ತು ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ಪುರಾವೆ ನನಗೆ ಸಿಕ್ಕಿಲ್ಲ.

ಉತ್ತರ 3:
ಆದರೆ ಪಟ್ಟಿ ತಯಾರಾಗುವ ವಿಧಾನವನ್ನೂ ನೋಡಬೇಕು. 1991ರವರೆಗೆ ಬಿಲ್‌ಬೋರ್ಡ್ ಅಂಗಡಿಯವರು ಹೇಳಿದ ಮಾಹಿತಿಯನ್ನೇ ನಂಬಿತ್ತು. ಬಾರ್‌ಕೋಡ್ ಮೂಲಕ ನಿಜವಾದ ಮಾರಾಟವನ್ನು ಎಣಿಸತೊಡಗಿದೊಡನೆ ರ್‍ಯಾಪ್ ಮತ್ತು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ) ಸಂಗೀತದ ಆಲ್ಬಮ್‌ಗಳು ಥಟ್ಟನೆ ಮೇಲೇರಿದವು. ಅವುಗಳ ಕೇಳುಗರು ಮೊದಲೂ ಇದ್ದರು, ಲೆಕ್ಕಕ್ಕೆ ಸಿಕ್ಕಿರಲಿಲ್ಲ.