ಸಹಾಯ ಬೇಕು: ತಾರಸಿಯ ಸೋಲಾರ್ ತಂತಿಗಳನ್ನು ಹೇಗೆ ಕಟ್ಟಿಸಲಿ?

ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಪ್ಯಾನೆಲ್‌ಗಳ ಕೆಳಗೆ ತಂತಿ ಕಟ್ಟಿದ್ದ ಬಿಳಿ ನೈಲಾನ್ ಟೈಗಳು ಬಿಸಿಲಿಗೆ ಪುಡಿಯಾಗಿ, ಈಗ ತಂತಿಗಳು ಮಳೆನೀರು ನಿಲ್ಲುವ ಜಾಗದಲ್ಲೇ ಬಿದ್ದಿವೆ. ಸಾಲದ್ದಕ್ಕೆ ಕೋತಿಗಳ ಕಾಟ. ಅಳವಡಿಸಿದವರು ‘ಏನೂ ಆಗುವುದಿಲ್ಲ ಸರ್’ ಎನ್ನುತ್ತಾರೆ. ಪ್ಯಾನೆಲ್ ತಂತಿಗಳಲ್ಲಿ ಹರಿಯುವುದು ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್; ಅದರ ಕಿಡಿ ಹತ್ತಿದರೆ ಮನೆಗೆ ಬರುವ ಎಸಿ ವಿದ್ಯುತ್ತಿನ ಕಿಡಿಯಷ್ಟು ಸುಲಭವಾಗಿ ಆರುವುದಿಲ್ಲ. ಅವರ ಮಾತು ನಂಬಿ ಕೂರಲು ನನಗೆ ಧೈರ್ಯವಿಲ್ಲ.

ಸ್ಟೀಲ್ ಕ್ಲಿಪ್ ಹಾಕಿಸಲೇ, ಬಿಸಿಲು ತಡೆಯುವ ಕಪ್ಪು ಟೈ ಸಾಕೇ? ಪೈಪಿನೊಳಗೆ ಹಾಯಿಸಿದರೆ ನೀರು ಇಳಿಯಲು ಎಲ್ಲಿ ರಂಧ್ರ ಬಿಡಬೇಕು?

ಇನ್ನೊಂದು ಮಾತು. ಒಂದು ಕಡೆ ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ನ ಎರಡು ತುದಿಗಳು ಬೇರೆ ಬೇರೆ ಕಂಪನಿಯವು. ಕೂಡಿಕೊಂಡಂತೆ ಕಂಡರೂ ಅಂಥ ಜೋಡಿ ಬಿಸಿಯಾಗಿ ಕರಗಬಹುದು. ಬಿಸಿಲಿರುವಾಗ ತಂತಿಯಲ್ಲಿ ವಿದ್ಯುತ್ ಇದ್ದೇ ಇರುವುದರಿಂದ ನಾನು ಕೈಹಾಕುವುದಿಲ್ಲ. ಈ ಕೆಲಸ ಬಲ್ಲವರು ಮೈಸೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ.